ಕುರ್ಚಿಯಿಂದ ಏಳದೆ ಕಡಬ ತಲುಪಿದ್ದು

ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿಗೆ ಯುನಿಕ್ಸ್ ಅಂತ ಹೇಳುವ ಕಂಪ್ಯೂಟರು ತಂದವನೇ ನಾನು. ಸುಳ್ಳು. ತಂದದ್ದು ಪಿಕಪ್‌ನವ, ನಾನು ಪೆಟ್ಟಿಗೆ ಇಳಿಸಲಿಕ್ಕೆ ಕೈ ಹಾಕಿದ್ದು ಅಷ್ಟೇ. ಆದರೆ ಆ ಯಂತ್ರಗಳು ಮುನಿದಾಗೆಲ್ಲ ಜನ ಹುಡುಕುದು ನನ್ನನ್ನೇ. ನಾನು ಹೋದಲ್ಲಿ ಎಂತಾದರೂ ಒಂದು ಆಗದೆ ಇರುದಿಲ್ಲ.

ಇವತ್ತಿನದ್ದೇ ಕೇಳಿ. ನಮ್ಮ ರಬ್ಬರ್ ಖರೀದಿಯ ಮೂರು ಕಚೇರಿಗಳನ್ನು ಜೋಡಿಸುವ ಸಾಫ್ಟ್‌ವೇರ್ ಹಾಕಬೇಕಿತ್ತು. ಮೆನೇಜರು "ಮಂಗಳೂರಿನವರನ್ನು ಕರೆಸುವಾ" ಅಂದರು. ನಾನಿರುವಾಗ ಮಂಗಳೂರಾ! "ಪುತ್ತೂರಿನ ಈ ಕುರ್ಚಿಯಿಂದ ಏಳದೆ ಸುಳ್ಯಕ್ಕೂ ಕಡಬಕ್ಕೂ ಹಾಕಿ ಕೊಡ್ತೇನೆ. ಎದ್ದರೆ ಕೆಲಸ ಅವರಿಗೇ ಕೊಡಿ" ಅಂದೆ. ರಿಮೋಟ್ ಶೆಲ್ ಅಂತ ಉಂಟು. ಇಲ್ಲಿ ಕೂತು ಕೊಟ್ಟ ಅಪ್ಪಣೆಯನ್ನು ಅಲ್ಲಿನ ಯಂತ್ರ ಪಾಲಿಸುತ್ತದೆ. ಪಾಲಿಸಬೇಕು.

ಸುಳ್ಯದ ಅಜ್ಜ

ಸುಳ್ಯದ ಯಂತ್ರ "ಪರ್ಮಿಷನ್ ಡಿನೈಡ್" ಅಂತು, ಒಳಗೆ ಬಿಡುದಿಲ್ಲ ಅಂತ. ಅಲ್ಲಿನ ಕಚೇರಿಯ ಅಕ್ಕನಿಗೆ ಫೋನ್ ಮಾಡಿದೆ. ಯಾವ ಯಂತ್ರವನ್ನು ಒಳಗೆ ಬಿಡಬಹುದು ಎಂದು ಬರೆದ ಫೈಲನ್ನು ಅವರು ತೆರೆದು ನೋಡಿದರು.

"ಇಲ್ಲಿ 'ಪುತ್ತೂರು' ಅಂತ ಸರಿಯಾಗಿಯೇ ಉಂಟು. ಆದರೆ ಬಾಗಿಲು ತಟ್ಟುವವ 'ಅಜ್ಜ' ಅಂತೆ. ಯಾರಣ್ಣ ಈ ಅಜ್ಜ?"

ಪುತ್ತೂರಿನ ನಮ್ಮ ಈ ಹಳೇ ಯಂತ್ರಕ್ಕೆ ಹಿಂದಿನ ವಾರ ತಮಾಷೆಗೆ ಆ ಹೆಸರಿಟ್ಟವ ನಾನೇ. ಮೆಲ್ಲ ಮೊದಲಿನ ಹೆಸರು ಹಾಕಿದೆ. ಸಾಫ್ಟ್‌ವೇರ್ ಸರ್ರನೆ ಹೋಯಿತು.

"ಎಂತ ಆಗಿದ್ದದ್ದು?" ಮೆನೇಜರು ಕೇಳಿದರು.

"ಯಾರೋ ಕಿಡಿಗೇಡಿಯ ಕೆಲಸ ಸಾರ್. ಹಿಡಿಯದೆ ಬಿಡುದಿಲ್ಲ."

ತೆರೆದ ಬಾಗಿಲು

ಕಡಬದ್ದೂ ಅದೇ ಹಾಡು. ಅಲ್ಲಿ ಕಚೇರಿ ನೋಡಿಕೊಳ್ಳುವ ಬ್ಯಾರಿ ಕಾಕ ಬಹಳ ಉದಾರಿ.

"ಆ ಫೈಲಿಗೆ ಯಾರೆಲ್ಲ ಕೈ ಹಾಕಬಹುದು ಕಾಕ?" ಫೋನಲ್ಲಿ ಕೇಳಿದೆ.

"ಎಲ್ಲರೂ! ಬಂದವರಿಗೆ ಬಾಗಿಲು ಹಾಕುದು ನಮ್ಮಲ್ಲಿ ಉಂಟಾ ಮಾರಾಯ?"

"ಅದಕ್ಕೇ ಯಂತ್ರಕ್ಕೆ ಸಂಶಯ. ಸಿಕ್ಕಿದವರೆಲ್ಲ ಹೆಸರು ಬರೆಯಬಹುದಾದ ಫೈಲನ್ನು ಅದು ನಂಬುದಿಲ್ಲ. ಉಳಿದವರಿಗೆ ಮುಚ್ಚಿ."

ಮುಚ್ಚಿದರು. ನಾನು ಒಳಗೆ ಹೋದೆ.

"ತೆರೆದಿಟ್ಟರೆ ಬರುದಿಲ್ಲ, ಮುಚ್ಚಿದರೆ ಬರ್ತದೆ" ಅಂದರು ಕಾಕ. "ನಮ್ಮ ಬೆಕ್ಕಿಗೂ ಇದೇ ರೋಗ."

ಪಾಸ್‌ವರ್ಡ್

ಗೆದ್ದ ಅಮಲು. ಸಾಫ್ಟ್‌ವೇರ್ ಹಾಕುವ ಮೊದಲೇ, ಇನ್ನಷ್ಟು ಭದ್ರ ಮಾಡುವಾ ಅಂತ ಕಡಬದ ಬಾಗಿಲನ್ನು ನನಗೂ ಸೇರಿಸಿ ಎಲ್ಲರಿಗೂ ಮುಚ್ಚಿಬಿಟ್ಟೆ. ಮತ್ತೆ "ಪರ್ಮಿಷನ್ ಡಿನೈಡ್". ಇನ್ನು ಕಡಬದ ಯಂತ್ರದಲ್ಲೇ ಅದರ ಮುಖ್ಯ ಪಾಸ್‌ವರ್ಡ್ ಹೊಡೆಯಬೇಕು.

"ಕಾಕನಿಗೆ ಫೋನಲ್ಲೇ ಹೇಳಿ" ಅಂದರು ಮೆನೇಜರು, ನನ್ನ ಹೆಗಲ ಮೇಲೆ ಕೈಯಿಟ್ಟು.

ಹೇಗೆ ಹೇಳುದು? ಪಾಸ್‌ವರ್ಡ್ ಇದ್ದದ್ದು ಮೆನೇಜರಿಗೆ ನಾವಿಟ್ಟ ಅಡ್ಡಹೆಸರು! ಬರೆದು ಕಳಿಸುವಾ ಅಂದರೆ ಅವರ ಕಣ್ಣು ನನ್ನ ಮೊಬೈಲಿನ ಮೇಲೆಯೇ.

"ಪಾಸ್‌ವರ್ಡ್ ಹಾಗೆಲ್ಲ ಹೇಳಬಾರದು ಸಾರ್, ನಿಯಮ" ಅಂದೆ.

"ಹಾಗಾದರೆ ಏಳಿ. ಮಂಗಳೂರಿಗೆ ಫೋನ್ ಮಾಡ್ತೇನೆ."

ಏಳುದಾ? ನಾನಾ? ಪಿಕಪ್‌ನವನನ್ನು ಕರೆಸಿದೆ. ಲೋಡಿನವರು ನನ್ನನ್ನು ಕುರ್ಚಿ ಸಮೇತ ಎತ್ತಿ ರಬ್ಬರ್ ಶೀಟಿನ ಕಟ್ಟುಗಳ ನಡುವೆ ಇಟ್ಟರು. ಸವಣೂರಿನಲ್ಲಿ ಒಬ್ಬರು "ಯಾವ ಪಾರ್ಟಿ ಮಾರಾಯ್ರೆ?" ಕೇಳಿದರು. ಕೈಮುಗಿದೆ, ಇನ್ನೆಂತ ಮಾಡುದು? ಕಡಬದಲ್ಲಿ ಕಾಕ ಕುರ್ಚಿಯನ್ನು ಹಾಗೆಯೇ ಯಂತ್ರದ ಮುಂದೆ ತಳ್ಳಿದರು. ಅಡ್ಡಹೆಸರು ಹೊಡೆದೆ, ಬಾಗಿಲು ತೆರೆಯಿತು, ಸಾಫ್ಟ್‌ವೇರ್ ಕೂತಿತು. ಮಂಗಳೂರಿನವರು ಮಂಗಳೂರಿನಲ್ಲೇ ಉಳಿದರು.

ನಂಬಿಕೆ ಇಲ್ಲವಾ? ನಾನೀಗ ಕೂತದ್ದು ಯಾವ ಕುರ್ಚಿ ನೋಡಿ. ವಾಪಸು ಹೋಗುವ ದಾರಿಯಲ್ಲಿ ಚಾ ಕುಡಿಯಲಿಕ್ಕೆ ಈ ಹೋಟೆಲಿನಲ್ಲಿ ಇಳಿಸಿದ್ದಾರೆ. ಪುತ್ತೂರು ಮುಟ್ಟುವವರೆಗೆ ಏಳುವ ಹಾಗಿಲ್ಲ, ಕೌಂಟರು ಅಷ್ಟು ದೂರ ಉಂಟು. ನನ್ನ ಚಾದ್ದೂ ನೀವೇ ಕೊಟ್ಟುಬಿಡಿ ಮಾರಾಯ್ರೆ.