ಆರುನೂರ ಹನ್ನೆರಡು ಕಡತಗಳ ನಿವೃತ್ತಿ

ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಜನಕಪುರಿಯಲ್ಲಿ, ನಮ್ಮ ಸೋದರಮಾವನ ಎರಡನೆಯ ಮಹಡಿಯ ಮನೆಯಲ್ಲಿ, ಫ್ರಿಜ್ಜಿಗೂ ಕಂಪ್ಯೂಟರ್ ಮೇಜಿಗೂ ನಡುವೆ ನಿಂತಿದ್ದೆ. ಬಲಗೈ ಕುರ್ಚಿಯ ಬೆನ್ನಿನ ಮೇಲಿತ್ತು. ಎಡಗೈಯಲ್ಲಿ ಇನ್ನೂ ಮೆಟ್ರೋ ಕಾರ್ಡು ಇತ್ತು. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಮುಂದಿನದನ್ನು ಯಾರೂ ಸುಲಭವಾಗಿ ನಂಬುವುದಿಲ್ಲ. ಕೇಂದ್ರ ಸರ್ಕಾರದ ಒಬ್ಬ ನಿವೃತ್ತ ಸೆಕ್ಷನ್ ಆಫೀಸರ್, ಮಂಗಳವಾರದಿಂದ ಶುಕ್ರವಾರದವರೆಗಿನ ನಾಲ್ಕು ಮಧ್ಯಾಹ್ನಗಳಲ್ಲಿ, ಯಾರ ನೆರವೂ ಇಲ್ಲದೆ, ಆರುನೂರ ಹನ್ನೆರಡು ಕಡತಗಳನ್ನು ನಿವೃತ್ತಿಗೊಳಿಸಿದ್ದರು! ದೆಹಲಿಯ ಯಾವ ಸಚಿವಾಲಯದಲ್ಲಾದರೂ ಇಷ್ಟು ಚುರುಕಾಗಿ ಕೆಲಸ ನಡೆದ ಉದಾಹರಣೆ ಇದೆಯೇ? ನನಗಂತೂ ಗೊತ್ತಿಲ್ಲ.

ಪರದೆಯ ಮೇಲೆ ಎಲ್ಲವೂ ಬಿಳಿ ಹಾಳೆಗಳಾಗಿದ್ದವು. ಫೋಟೋ ಯಾವುದು, ಪತ್ರ ಯಾವುದು, ವಿದ್ಯುತ್ ಬಿಲ್ಲು ಯಾವುದು, ತಿಳಿಯುವಂತಿರಲಿಲ್ಲ. ಮುಟ್ಟಿದರೆ ಪ್ರತಿಯೊಂದೂ ಒಂದೇ ಪ್ರಶ್ನೆ ಕೇಳುತ್ತಿತ್ತು: ಇದನ್ನು ಯಾವುದರಲ್ಲಿ ತೆರೆಯಲಿ?

"ನನ್ನನ್ನೇ ಕೇಳ್ತದಲ್ಲೋ! ನನಗೆ ಗೊತ್ತಿದ್ರೆ ಇದನ್ನ ಯಾಕೆ ಕೊಂಡ್ಕೋತಿದ್ದೆ?" ಎಂದರು ಮಾವ. ಆಮೇಲೆ ಧ್ವನಿ ತಗ್ಗಿಸಿ, "ಉಳಿದದ್ದು ಹೋಗ್ಲಿ. ನಿಮ್ಮತ್ತೆ ಮಾತಾಡಿದ್ದು ಒಂದು ಇತ್ತು ನೋಡು, ಅದೊಂದು ಸಿಕ್ಕಿದ್ರೆ ಸಾಕು" ಎಂದರು.

ಅತ್ತೆಗೆ ಹಿಂದಿನ ವರ್ಷ ಗಂಟಲಿನ ಆಪರೇಷನ್ ಆಗಿ, ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಜೀವ ಉಳಿಯಿತು, ದನಿ ಹೋಯಿತು. ಅದಕ್ಕೆ ಹತ್ತು ದಿನ ಮೊದಲು ಮಾವ ಫೋನಿನಲ್ಲಿ ರೆಕಾರ್ಡ್ ಮಾಡುವುದನ್ನು ಕಲಿಯಲು ಹೋದಾಗ, ಅಕಸ್ಮಾತ್ತಾಗಿ ಅತ್ತೆಯ ಮಾತೂ ಸೇರಿಕೊಂಡಿತ್ತು. ಆ ಫೋನು ಈಗಿಲ್ಲ. ಇಡೀ ಬಳಗದಲ್ಲಿ ಬೇರೆ ಯಾರ ಬಳಿಯೂ ಆ ದನಿಯಿಲ್ಲ. ಎಲ್ಲರ ಹತ್ತಿರವೂ ಅತ್ತೆಯ ಫೋಟೋ ಇದೆ. ಮಾತನ್ನು ಯಾರು ತೆಗೆದಿಡುತ್ತಾರೆ?

ಇನ್ನು ನಿವೃತ್ತಿಯ ಕಾರಣ. ಕಂಪ್ಯೂಟರಿನ ಕಡತದ ಹೆಸರಿನ ಕೊನೆಗೆ ಒಂದು ಚುಕ್ಕಿ, ಚುಕ್ಕಿಯ ಮುಂದೆ ಮೂರೋ ನಾಲ್ಕೋ ಅಕ್ಷರ ಇರುತ್ತವೆ. ಪಿಡಿಎಫ್, ಜೆಪಿಜಿ, ಹೀಗೆ. ಅದನ್ನು ನೋಡಿಕೊಂಡೇ ಕಂಪ್ಯೂಟರ್ ಯಾವ ಕಡತವನ್ನು ಯಾವುದರಲ್ಲಿ ತೆರೆಯಬೇಕೆಂದು ತಿಳಿಯುತ್ತದೆ. ಮಾವನ ಕಂಪ್ಯೂಟರಿನಲ್ಲಿ ಈ ಬಾಲ ಕಾಣುತ್ತಿರಲಿಲ್ಲ. ಕಂಡರೆ ಅನುಕೂಲವೆಂದು, ಎರಡು ವಾರದ ಹಿಂದೆ, ಅದಕ್ಕೆ ಬೇಕಾದ ಟಿಕ್ ಹಾಕಿದವನು ನಾನು. ಒಪ್ಪಿಕೊಳ್ಳುತ್ತೇನೆ. "ಇದೇನೋ ಇದು ಹೊಸದು?" ಎಂದು ಮಾವ ಕೇಳಿದಾಗ, "ಎಕ್ಸ್‌ಟೆನ್ಷನ್" ಎಂದವನೂ ನಾನೇ. ಅಲ್ಲೇ ನಾನು ಕೆಟ್ಟದ್ದು.

ಸರ್ಕಾರಿ ನೌಕರನಿಗೆ ಆ ಪದಕ್ಕೆ ಒಂದೇ ಅರ್ಥ. ವಯಸ್ಸಾದ ಮೇಲೂ ಮನೆಗೆ ಹೋಗದೆ ಕುರ್ಚಿಗೆ ಅಂಟಿಕೊಂಡಿರಲು ಸಿಗುವ ಅಪ್ಪಣೆ! ಮಾವನಿಗೆ ಅದು ಸಿಗಲಿಲ್ಲ. ಪಕ್ಕದ ಕೋಣೆಯವನಿಗೆ ಎರಡು ವರ್ಷ ಸಿಕ್ಕಿತು. ಅಂದಿನಿಂದ ಆ ಪದ ಕೇಳಿದರೆ ಮಾವನ ಕಿವಿ ಕೆಂಪಾಗುತ್ತದೆ. ಹಾಗಾಗಿ ಒಂದು ಕಡತಕ್ಕೂ ಎಕ್ಸ್‌ಟೆನ್ಷನ್ ಇರಕೂಡದೆಂದು ಎಲ್ಲದರ ಬಾಲವನ್ನೂ ಅಳಿಸಿಬಿಟ್ಟಿದ್ದರು.

"ಅಲ್ಲ ಮಾವ, ತೆಗೆಯೋಕೆ ಮುಂಚೆ ಅದು ಎಚ್ಚರಿಕೆ ಕೊಡ್ಲಿಲ್ವಾ? ಇದನ್ನ ತೆಗೆದ್ರೆ ಕಡತ ಕೆಲಸಕ್ಕೆ ಬಾರದೆ ಹೋಗಬಹುದು ಅಂತ?"

"ಕೊಡ್ತು. ಆರುನೂರ ಹನ್ನೆರಡು ಸಲ ಕೊಡ್ತು. ಯಾರು ರಿಟೈರ್ ಆಗೋವಾಗ್ಲೂ ಹೀಗೇ ಹೇಳ್ತಾರೆ, ಇವರಿಲ್ದಿದ್ರೆ ಆಫೀಸೇ ನಿಂತ್ಹೋಗುತ್ತೆ ಅಂತ. ನಿಲ್ತಾ? ನಾನು ಬಂದ್ಮೇಲೆ ನಿಲ್ತಾ?"



ಘಾಜಿಯಾಬಾದಿನಿಂದ ಜನಕಪುರಿಗೆ ನನಗೆ ಒಂದೂವರೆ ಗಂಟೆಯ ದಾರಿ. "ಓಪನ್ ಆಗ್ತಿಲ್ಲ ಕಣೋ" ಎಂಬ ಒಂದು ವಾಕ್ಯಕ್ಕಾಗಿ ತಿಂಗಳಿಗೆ ಎರಡು ಭಾನುವಾರ ಈ ದಾರಿ ಸವೆಸುತ್ತೇನೆ. ಹಿಂದೊಮ್ಮೆ ಪಿಂಚಣಿಯ ಕೆಲಸಕ್ಕೆ ಯಾವುದೋ ಪ್ರಮಾಣಪತ್ರವನ್ನು ಪಿಡಿಎಫ್ ಮಾಡಿ ಕಳಿಸಿ ಎಂದಿದ್ದರು. ಮಾವ ಫೋನಿನಲ್ಲಿ ಫೋಟೋ ತೆಗೆದು, ಫೋನಿನಲ್ಲೇ ಹೆಸರಿನ ಕೊನೆಯಲ್ಲಿದ್ದ ಜೆಪಿಜಿ ಅಳಿಸಿ, ಪಿಡಿಎಫ್ ಎಂದು ಬರೆದು ಕಳಿಸಿದರು. ಅದು ತೆರೆಯಲಿಲ್ಲವೆಂದು ವಾಪಸ್ ಬಂತು.

"ಮಾವ, ಪಿಡಿಎಫ್ ಅಂದ್ರೆ ಲ್ಯಾಮಿನೇಷನ್ ಮಾಡಿಸಿದ ಹಾಗೆ. ನೀವು ಮಾಡಿಸ್ಲಿಲ್ಲ, ಮಾಡಿಸಿದೆ ಅಂತ ಹಿಂದುಗಡೆ ಬರೆದಿರಿ, ಅಷ್ಟೇ. ಹೆಸರು ಬದಲಾದ್ರೆ ಒಳಗಿರೋದು ಬದಲಾಗಲ್ಲ."

"ಯಾಕಾಗಲ್ಲ? ಮದುವೇಲಿ ಅಕ್ಕಿ ಮೇಲೆ ಹೊಸ ಹೆಸರು ಬರೆಸಿ ನಿಮ್ಮತ್ತೇನ ಕರ್ಕೊಂಡು ಬಂದ್ವಲ್ಲ, ನಡೀಲಿಲ್ವಾ?"

ಅತ್ತೆ ಅಡುಗೆಮನೆಯಿಂದ ಸ್ಲೇಟು ಹಿಡಿದು ಬಂದರು. ಆಪರೇಷನ್ ಆದಾಗಿನಿಂದ ಅವರ ಮಾತೆಲ್ಲ ಸ್ಲೇಟಿನ ಮೇಲೆಯೇ. ನಿಧಾನವಾಗಿ ಬರೆದು ನನ್ನ ಕಡೆ ತಿರುಗಿಸಿದರು: "ಅದಕ್ಕೇ ಇವರಿಗೆ ನಾನು ಇವತ್ತಿಗೂ ಓಪನ್ ಆಗಿಲ್ಲ!"

ಆದರೆ ಈ ಭಾನುವಾರ ಮಾವ ನಗುತ್ತಿರಲಿಲ್ಲ. ಟೀ ಆರಿ ಕೆನೆ ಕಟ್ಟಿತ್ತು.

ಕೆಲಸ ಶುರುವಾಯಿತು. ಬಾಲ ಕತ್ತರಿಸಿದರೂ ಕಡತದ ಗುರುತು ಪೂರ್ತಿ ಅಳಿಯುವುದಿಲ್ಲ. ಬರಿಯ ಅಕ್ಷರಗಳನ್ನು ಮಾತ್ರ ಓದಬಲ್ಲ ನೋಟ್‌ಪ್ಯಾಡಿನಲ್ಲಿ ಅದನ್ನು ತೆರೆದರೆ ಪರದೆಯ ತುಂಬ ಚೆಲ್ಲಾಪಿಲ್ಲಿ ಅಕ್ಷರಗಳು ಬರುತ್ತವೆ. ಆದರೆ ಮೊದಲ ಸಾಲಿನಲ್ಲಿ ಅದರ ಜಾತಕವಿರುತ್ತದೆ. ಪಿಡಿಎಫ್ ಆಗಿದ್ದರೆ ಅಲ್ಲಿ ಪಿಡಿಎಫ್ ಎಂದೇ ಇರುತ್ತದೆ. ಫೋಟೋಗಳಲ್ಲಿ ಬೇರೆ ಅಕ್ಷರಗಳು. ಫೋನಿನಲ್ಲಿ ರೆಕಾರ್ಡ್ ಮಾಡಿದ್ದಾದರೆ ಎಫ್, ಟಿ, ವೈ, ಪಿ.

"ಹಣೆಬರಹ ಅನ್ನು!" ಎಂದು ಮಾವ ಸ್ವಲ್ಪ ಚೇತರಿಸಿಕೊಂಡರು. ರಿಜಿಸ್ಟರು ತೆರೆದು ಗೆರೆ ಹಾಕಿಕೊಂಡರು. ನಾನು ಕೂಗುವುದು, ಅವರು ಬರೆಯುವುದು. ವರ್ಡ್ ಪತ್ರಕ್ಕೂ ಎಕ್ಸೆಲ್ ಪಟ್ಟಿಗೂ ಜಿಪ್ ಗಂಟಿಗೂ ಹಣೆಯಲ್ಲಿ ಪಿಕೆ ಎಂಬ ಎರಡೇ ಅಕ್ಷರ ಕಂಡಾಗ, "ಮೂವರೂ ಒಂದೇ ಮನೆತನವಾ? ಮುಂಚೇನೇ ಹೇಳೋದಲ್ವಾ!" ಎಂದು ನನ್ನನ್ನೇ ಗದರಿಸಿದರು. ದಿನಾಂಕ ನೋಡಿ ಹುಡುಕೋಣವೆಂದರೆ, ಶನಿವಾರ ರಾತ್ರಿ ಮಾವ ಎಲ್ಲವನ್ನೂ ಹೊಸ ಫೋನಿಗೆ ಹಾಕಿ ನೋಡಿ ವಾಪಸ್ ತಂದದ್ದರಿಂದ ಎಲ್ಲಕ್ಕೂ ಒಂದೇ ದಿನಾಂಕ ಬಿದ್ದಿತ್ತು. ಹೆಸರು ನೋಡೋಣವೆಂದರೆ, ಮುಕ್ಕಾಲು ಪಾಲು ಕಡತಗಳಿಗೆ ಮಾವ ಇಟ್ಟ ಹೆಸರು "ಇತರೆ"! ಇತರೆ ಒಂದು, ಇತರೆ ಎರಡು, ಇತರೆ ನಾನೂರ ಐವತ್ತೇಳು. ಹೆಂಡತಿಯ ದನಿಯನ್ನು ಯಾರಾದರೂ "ಇತರೆ"ಯಲ್ಲಿ ಇಡುತ್ತಾರೆಯೇ?

ಹನ್ನೆರಡನೆಯ ಕಡತದಲ್ಲಿ ನನ್ನ ಕೈ ನಿಂತಿತು. ಅಕ್ಷರಗಳ ರಾಶಿಯ ಕೊನೆಯಲ್ಲಿ, ಸ್ಪಷ್ಟವಾದ ಇಂಗ್ಲಿಷಿನಲ್ಲಿ, "ನೋಡಿದೆ" ಎಂದಿತ್ತು. ಪಕ್ಕದಲ್ಲಿ ತಾರೀಖು. ಅದರ ಕೆಳಗೆ ಮಾವನ ಹೆಸರಿನ ಮೂರು ಮೊದಲಕ್ಷರಗಳು.

"ಮಾವ, ಇದೇನಿದು?"

"ಶನಿವಾರ ನಾನೇ ಕೆಲವು ತೆಗೆದು ನೋಡಿದ್ನಲ್ಲ, ಇದ್ರಲ್ಲೇ. ಒಂದೂ ಅರ್ಥ ಆಗ್ಲಿಲ್ಲ."

"ಮತ್ತೆ ಬರೆದದ್ದು?"

"ಸಹಿ ಮಾಡದೆ ಫೈಲ್ ಮುಚ್ಚೋಕಾಗುತ್ತೇನೋ? ಬರೆದು, ಸೇವ್ ಕೂಡ ಮಾಡಿದೆ."

ನಾನು ಕುಳಿತುಕೊಂಡೆ. ಫೋಟೋವನ್ನಾಗಲಿ ದನಿಯನ್ನಾಗಲಿ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದರೆ ಏನೂ ಆಗುವುದಿಲ್ಲ. ಆದರೆ ಅಲ್ಲೇ ಸೇವ್ ಮಾಡಿದರೆ, ಅದು ಎಲ್ಲವನ್ನೂ ಅಕ್ಷರವೆಂದು ತಿಳಿದು ಹೊಸದಾಗಿ ಬರೆದುಬಿಡುತ್ತದೆ. ಆಮೇಲೆ ಯಾವ ಬಾಲ ಅಂಟಿಸಿದರೂ ಪ್ರಯೋಜನವಿಲ್ಲ. ಇದನ್ನು ಮಾವನಿಗೆ ಹೇಳಲೇಬೇಕಾಯಿತು. ಹೇಳಿದೆ.

"ಎಷ್ಟಕ್ಕೆ ಸಹಿ ಮಾಡಿದ್ರಿ?"

"ಹನ್ನೊಂದಕ್ಕೆ."

"ಯಾವ ಯಾವುದು?"

ಮೂವತ್ತೆಂಟು ವರ್ಷ ಒಂದು ಕಡತವನ್ನೂ ಕಳೆಯದ ಮನುಷ್ಯ ನೆಲ ನೋಡುತ್ತ, "ಗೊತ್ತಿಲ್ಲ" ಎಂದರು.

ಅತ್ತೆ ಸ್ಲೇಟಿನಲ್ಲಿ ಬರೆದು ಅವರ ಮುಖದ ಮುಂದೆ ಹಿಡಿದರು: "ಹೋದ್ರೆ ಹೋಗ್ಲಿ ಬಿಡ್ರೀ. ನಾನೇನು ಹಾಡಿದ್ನಾ?" ಮಾವ ಅದನ್ನು ಓದಿದರು. ಬಿಡಲಿಲ್ಲ. "ನೆಕ್ಸ್ಟ್" ಎಂದರು ನನಗೆ.

ಹನ್ನೆರಡೂವರೆಗೆ ಮೇಲಿನ ಮನೆಯ ಸೇಠಿ ಆಂಟಿ ಕಢಿಯ, ಅಂದರೆ ಅವರ ಕಡೆಯ ಮಜ್ಜಿಗೆ ಹುಳಿಯ, ಡಬ್ಬಿ ಹಿಡಿದು ಬಂದರು. ಅತ್ತೆಯೂ ಅವರೂ ಬಾಲ್ಕನಿಯಿಂದ ಬಾಲ್ಕನಿಗೆ ವರ್ಷಗಟ್ಟಲೆ ಕೂಗಿ ಮಾತಾಡಿದವರು. ವಿಷಯ ಕೇಳಿ, "ಅಚ್ಛಾ! ಮುಝೇ ಭೀ ಸುನನಾ ಹೈ" ಎಂದು, ತಾವೂ ಕೇಳಲೇಬೇಕೆಂದು ದಿವಾನದ ಮೇಲೆ ಕೂತೇಬಿಟ್ಟರು.

ಮುನ್ನೂರ ಆರನೆಯದರಲ್ಲಿ ಎಫ್, ಟಿ, ವೈ, ಪಿ ಕಂಡಿತು. ಸಹಿ ಇರಲಿಲ್ಲ. ಮಾವ ಪೆನ್ನು ಕೆಳಗಿಟ್ಟರು. ತೆರೆದರೆ ಅದು ವಿಡಿಯೋ: ನಾಲ್ಕು ನಿಮಿಷ ತಿರುಗುವ ಸೀಲಿಂಗ್ ಫ್ಯಾನು, ಮಧ್ಯೆ ಮಧ್ಯೆ ಮಾವನ ಮೂಗಿನ ಹೊಳ್ಳೆ. ಸೇಠಿ ಆಂಟಿ ಮಾತ್ರ ಅದನ್ನು ಕೊನೆಯವರೆಗೆ ನೋಡಿದರು.

ಎರಡು ಗಂಟೆಯ ಹೊತ್ತಿಗೆ ಸಹಿಯಾದ ಒಂಬತ್ತು ಕಡತಗಳು ಸಿಕ್ಕಿದ್ದವು. ಒಂಬತ್ತೂ ಸತ್ತಿದ್ದವು. ಪ್ರತಿ ಸಲ "ನೋಡಿದೆ" ಕಂಡಾಗಲೂ ಮಾವ ಮುಖ ತಿರುಗಿಸುತ್ತಿದ್ದರು. ಆಮೇಲೆ ಅದರ ಮೊದಲ ಸಾಲು ನಾನು ಓದುವವರೆಗೆ ಪೆನ್ನು ಮುಟ್ಟುತ್ತಿರಲಿಲ್ಲ. ಬಿಲ್ಲು. ಫೋಟೋ. ಬಿಲ್ಲು. ನನ್ನ ಕಣ್ಣು ಉರಿಯುತ್ತಿತ್ತು. ನಾಳೆ ಆಫೀಸಿದೆ ಎಂದು ಹೇಳಬೇಕೆಂದುಕೊಂಡೆ. ಮುಂದಿನ ಕಡತ ತೆರೆದೆ.

ಎರಡು ಗಂಟೆ ಹದಿನೈದು ನಿಮಿಷ. ಇತರೆ ನಾನೂರ ಎರಡು. ಮೊದಲ ಸಾಲಿನಲ್ಲಿ ಎಫ್, ಟಿ, ವೈ, ಪಿ. ಕೊನೆಯ ಸಾಲಿನವರೆಗೆ ನಿಧಾನವಾಗಿ ಇಳಿದೆ. ಯಾರೂ ಏನೂ ಬರೆದಿರಲಿಲ್ಲ. ಸೇವ್ ಮಾಡದೆ ಮುಚ್ಚಿದೆ. ಹೆಸರಿನ ಮುಂದೆ ಚುಕ್ಕಿ ಇಟ್ಟು, ದನಿಯ ಕಡತದ ಬಾಲವಾದ ಎಂ, ನಾಲ್ಕು, ಎ ಎಂದು ಬರೆದು ಒತ್ತಿದೆ.

ಮೊದಲು ಮಾವನ ದನಿ, ಫೋನಿಗೆ ಬಾಯಿಟ್ಟು: "ಹಲೋ, ಹಲೋ. ಕೇಳ್ತಿದೆಯಾ? ಹಲೋ." ನಂತರ ಪಾತ್ರೆಯ ಸದ್ದು. ದೂರದಿಂದ, ಅಡುಗೆಮನೆಯಿಂದ, ಬೇರೆ ಯಾರದ್ದೂ ಆಗಿರಲಾರದ ಆ ದನಿ:

"ರೀ, ಬನ್ರೀ ಊಟಕ್ಕೆ. ಹುಳಿ ಆರ್ತಾ ಇದೆ."

"ಬಂದೆ ಕಣೇ" ಎಂದು ಗಟ್ಟಿಯಾಗಿ ಹೇಳಿ ಮಾವ ಕುರ್ಚಿಯಿಂದ ಎದ್ದರು. ಕಂಪ್ಯೂಟರಿನೊಳಗಿನ ಮಾವನಲ್ಲ, ಇವರು. ಅಡುಗೆಮನೆಯ ಕಡೆ ನಾಲ್ಕು ಹೆಜ್ಜೆ ಹೋಗಿ, ಅಲ್ಲಿ ಯಾರೂ ಇಲ್ಲದ್ದನ್ನು ಕಂಡು, ಬಾಗಿಲ ಚೌಕಟ್ಟು ಹಿಡಿದು ನಿಂತರು.

ಅತ್ತೆ ನನ್ನ ಎಡಕ್ಕೆ, ಎರಡಡಿ ದೂರದಲ್ಲಿ ನಿಂತಿದ್ದರು. ಸ್ಲೇಟು ಮೇಜಿನ ಮೇಲಿತ್ತು, ಅದನ್ನು ಮುಟ್ಟಲಿಲ್ಲ. ನಡೆದುಹೋಗಿ, ಮಾವನನ್ನು ದಾಟಿ ಅಡುಗೆಮನೆಗೆ ಹೊಕ್ಕು, ಒಲೆ ಹಚ್ಚಿದರು.

"ಕ್ಯಾ ಕಹಾ ಇಸ್ನೇ?" ಅತ್ತೆ ಏನಂದರೆಂದು ಸೇಠಿ ಆಂಟಿ ಪಿಸುಗುಟ್ಟಿದರು.

"ಖಾನೇ ಕೇ ಲಿಯೇ ಬುಲಾಯಾ." ಊಟಕ್ಕೆ ಕರೆದದ್ದು ಎಂದೆ.

"ಬಸ್? ಇತ್ನಾ ಹೀ?" ಇಷ್ಟೇನಾ ಎಂದು ಅವರಿಗೆ ಆಶ್ಚರ್ಯ.

"ಬಸ್, ಆಂಟಿ."

ಅವರು ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿಕೊಂಡರು.

ಮಾವ ಹೀಗೆ ಎದ್ದುಹೋದದ್ದನ್ನು ಕಣ್ಣಾರೆ ಕಂಡವರು ಮೂವರು. ಮಾವನ ಬೆನ್ನು ನಮ್ಮ ಕಡೆಗಿತ್ತು, ಹಾಗಾಗಿ ಅವರನ್ನು ಲೆಕ್ಕಕ್ಕೆ ಸೇರಿಸಿಲ್ಲ. ನಾನೊಬ್ಬ. ಸೇಠಿ ಆಂಟಿ ಈಗಲೂ ಅದೇ ಮೇಲಿನ ಮನೆಯಲ್ಲಿದ್ದಾರೆ, ಕೇಳಿದರೆ ಹೇಳುತ್ತಾರೆ. ಇನ್ನೊಬ್ಬರು ಅತ್ತೆ. ಅವರು ಬಾಯಿಬಿಟ್ಟು ಹೇಳಲಾರರು, ಆದರೆ ಇದ್ದಾರೆ.