ಪುಸ್ತಕದಿಂದ ಬಂದ ಒಗ್ಗರಣೆಯ ಘಾಟು

ಅಡುಗೆ ಕಲಿಯಲು ಅಡುಗೆಮನೆಗೇ ಹೋಗಬೇಕು ಎಂಬುದನ್ನು ನಾನು ಬಹುಕಾಲ ಒಪ್ಪಿರಲಿಲ್ಲ. ಊಟತಿಂಡಿಯ ನೆನಪುಗಳನ್ನು ಬರೆದವರ ಪುಸ್ತಕ ಓದುತ್ತಿದ್ದರೆ ಸಾಕು, ಕೈಗೆ ರುಚಿ ತಾನಾಗಿ ಇಳಿಯುತ್ತದೆ ಎಂದು ನಂಬಿದ್ದೆ. ಯಾರದೋ ಅಜ್ಜಿ ಹುಣಸೆಹಣ್ಣು ಕಿವುಚುವುದನ್ನು ನಾವೀಗ ನೆಲೆಸಿರುವ ಪರದೇಶದ ಹಾರ್ಬೋರ್ನ್‌ನ ಸೋಫಾದಲ್ಲಿ ಕಾಲು ಚಾಚಿ ಓದುವ ಸುಖ, ಆ ಹುಳಿ ಉಂಡವರಿಗೂ ಸಿಕ್ಕಿರಲಾರದು.

ನನ್ನ ಹೆಂಡತಿ ಸುಮಾ ಆಸ್ಪತ್ರೆಯಲ್ಲಿ ಡಾಕ್ಟರು. ಅವಳ ಡ್ಯೂಟಿಯ ರೋಟಾದಲ್ಲಿ ಶನಿವಾರ ಬಿದ್ದರೆ ಸಾರು ನನ್ನದು. ನಮ್ಮಲ್ಲಿ ಒಗ್ಗರಣೆಗೆ ಮುಂಚೆ ಒಂದು ಶಾಸ್ತ್ರವಿದೆ: ಕುರ್ಚಿ ಹತ್ತಿ, ಚಾವಣಿಯ ಸ್ಮೋಕ್ ಅಲಾರಾಂಗೆ ಶವರ್ ಕ್ಯಾಪ್ ತೊಡಿಸುವುದು. ಇಲ್ಲದಿದ್ದರೆ ಮೆಣಸಿನಕಾಯಿ ಬಿದ್ದೊಡನೆ ಅದು ಬೀದಿಗೆಲ್ಲ ಕೇಳುವಂತೆ ಕಿರುಚುತ್ತದೆ. ಇಲ್ಲಿನ ಕನ್ನಡದವರ ಮನೆಗಳಲ್ಲಿ ಸ್ನಾನ ಮಾಡದೆ ಒಲೆ ಮುಟ್ಟಿದರೂ ನಡೆದೀತು, ಅಲಾರಾಂನ ಟೊಪ್ಪಿ ತಪ್ಪುವಂತಿಲ್ಲ.

ಆ ಶನಿವಾರವೂ ಟೊಪ್ಪಿ ತೊಡಿಸಿ, ಬಾಣಲೆಯಲ್ಲಿ ಎಣ್ಣೆ ಇಟ್ಟು, ಕಾಯುವವರೆಗೆ ಒಂದೇ ಪುಟ ಎಂದು ಪಕ್ಕದ ಕೋಣೆಗೆ ಬಂದು ಕೂತೆ. ಪುಸ್ತಕದಲ್ಲೂ ಯಾರೋ ಎಣ್ಣೆ ಕಾಯಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ವಾಸನೆ ಬಂತು, ಆಮೇಲೆ ಘಾಟು. ಬರೆದರೆ ಹೀಗೆ ಬರೆಯಬೇಕು ಎಂದುಕೊಂಡು ಪುಟ ತಿರುಗಿಸಿದೆ. ಕಣ್ಣಲ್ಲಿ ನೀರು ಬಂದಾಗಲೂ ಅದು ಅಜ್ಜಿಯ ಪ್ರಸಂಗದ ಪರಿಣಾಮವೆಂದೇ ತಿಳಿದಿದ್ದೆ.

ಬಾಗಿಲು ತೆರೆದ ಸದ್ದಾಯಿತು. ಕೋಟು ಬಿಚ್ಚದೆಯೇ ಸುಮಾ ಅಡುಗೆಮನೆಗೆ ಓಡಿದಳು. ನಾನೂ ಹಿಂದೆ ಹೋದೆ. ಬಾಣಲೆಯ ಮೇಲೆ ಮೊಳದುದ್ದ ಬೆಂಕಿ. ನಾನು ಚೊಂಬಿಗೆ ನೀರು ಹಿಡಿದೆ.

“ನೀರು ಬೇಡ. ಅಲ್ಲೇ ನಿಂತ್ಕೊಳ್ಳಿ” ಎಂದವಳೇ ಗ್ಯಾಸ್ ಆರಿಸಿ, ದೊಡ್ಡ ಸ್ಟೀಲ್ ತಟ್ಟೆ ಮುಚ್ಚಿದಳು. ಬೆಂಕಿಗೂ ಅವಳ ಕೈಗೂ ನಡುವೆ ಇದ್ದದ್ದು ಕೋಟಿನ ತೋಳಿನ ಅಂಚು ಮಾತ್ರ. ಆ ಅಂಚು ಕಪ್ಪಾಯಿತು, ಕೈ ಉಳಿಯಿತು. ಆದರೆ ಆಫೀಸಿನ ಮೀಟಿಂಗ್‌ನಲ್ಲಿ ಕೂತಾಗಲೂ ನನ್ನ ಕಣ್ಣಮುಂದೆ ಆ ಕೈ ಬೆಂಕಿಯ ಕಡೆಗೆ ಚಾಚುತ್ತಲೇ ಇರುತ್ತದೆ. ನಾನು ಚೊಂಬು ಹಿಡಿದು ನಿಂತೇ ಇರುತ್ತೇನೆ.

“ಎಲ್ಲಿದ್ರಿ?”

“ಇಲ್ಲೇ. ಓದ್ತಾ ಇದ್ದೆ.”

“ವಾಸನೆ ಬರ್ಲಿಲ್ವಾ?”

“ಬಂತು. ಪುಸ್ತಕದ್ದು ಅಂದ್ಕೊಂಡೆ.”

ಸುಮಾ ಚಾವಣಿ ನೋಡಿದಳು, ನನ್ನನ್ನು ನೋಡಿದಳು. “ಅದಕ್ಕಾದ್ರೆ ಟೊಪ್ಪಿ ಹಾಕಿದ್ದೀವಿ. ನಿಮಗೇನಾಗಿತ್ರೀ?”

ಟೊಪ್ಪಿ ಅವತ್ತೇ ಕಸದ ಬುಟ್ಟಿ ಸೇರಿತು. ನನ್ನ ಗೊಂದಲ ಮಾತ್ರ ಹೆಚ್ಚಿದೆ. ಓದುವಾಗ ಒಂದಿಷ್ಟು ಘಮ ಬಂದರೆ ಸಾಕು, ಎದ್ದು ಓಡುತ್ತೇನೆ. ಮೊನ್ನೆ ಧೈರ್ಯ ಮಾಡಿ ಬೇಳೆ ಇಟ್ಟು, ಒಲೆಯ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಹೊಸ ಪುಸ್ತಕ ಹಿಡಿದೆ. ಇಡೀ ಅಧ್ಯಾಯ ಮುಗಿದರೂ ಏನೊಂದು ಘಮವೂ ಏಳಲಿಲ್ಲ. ಪಾಪ, ಈ ಲೇಖಕನಿಗೆ ಕೈಗುಣವಿಲ್ಲ ಎಂದು ಪುಸ್ತಕ ಮುಚ್ಚಿ ನೋಡಿದರೆ, ನಾನು ಒಲೆ ಹಚ್ಚಿಯೇ ಇರಲಿಲ್ಲ.