ಜಯತೀರ್ಥರಾಯರ ಹೋಂವರ್ಕ್

"ಅಪ್ಪಾ, ಕಾಯಿಸಿದ್ರ ಹಾಲು ಉಕ್ಕತದ, ನೀರು ಯಾಕ ಉಕ್ಕೂದಿಲ್ಲ?"

ಮಗಳು ಮಂದಾಕಿನಿ ಇಷ್ಟು ಕೇಳಿದ್ದೇ ಆ ಭಾನುವಾರದ ಅನಾಹುತಕ್ಕೆಲ್ಲ ಮೂಲ. ಜಯತೀರ್ಥರಾಯರು ಆಗಷ್ಟೇ ದೇವರ ಪೂಜೆ ಮುಗಿಸಿ, ಅಂಗಾರ ಅಕ್ಷತೆ ಹಚ್ಚಿಕೊಂಡು, ಹಿಮಾಯತ್‌ನಗರದ ಬಾಡಿಗೆ ಮನೆಯ ಕಟ್ಟೆಯ ಮೇಲೆ ಪೇಪರು ಬಿಡಿಸಿದ್ದರು.

"ಯಾರು ಕೇಳ್ಯಾರವಾ?"

"ಸಾಲ್ಯಾಗ ಹೋಂವರ್ಕ್ ಅದ. ವಿಜ್ಞಾನ, ಆರೋಗ್ಯ, ಗಣಿತ, ವ್ಯಾಪಾರ, ಒಂದೊಂದಕ್ಕ ಒಂದು ಪ್ರಶ್ನಿ. ನಿಮಗ ಬರೂದಿಲ್ಲ, ಹೌದಲ್ಲೋ? ಬರೂದಿಲ್ಲ ಅಂದ್ರ ಸಾಕು, ನಾ ಹೋಗತೀನಿ."

ರಾಯರ ಕೈಯಲ್ಲಿದ್ದ ಪೇಪರು ಮುದುಡಿತು. ಒಳಗಿನಿಂದ ಹೆಂಡತಿ ಶಾಮಲಾಬಾಯಿಯ ದನಿ ಬಂತು: "ಬರೂದಿಲ್ಲ ಅಂದುಬಿಡ್ರಿ. ಹೋದ ಸಲ ತಿಮಿಂಗಿಲ ಮೀನು ಅಂತ ಬರಿಸಿ, ಹುಡುಗಿನ್ನ ಬೆಂಚಿನ ಮ್ಯಾಲ ನಿಲ್ಲಿಸಿದ್ದು ಸಾಲದೇನು?"

ಅದು ನಿಜ. ತಿಮಿಂಗಿಲದ ದಿನದಿಂದ ಮಂದಾಕಿನಿ ಅಪ್ಪನನ್ನು ಏನನ್ನೂ ಕೇಳಿರಲಿಲ್ಲ. ಗಂಟೆ ಎಷ್ಟು ಎಂದು ತಿಳಿಯಬೇಕಾದರೂ ಪಕ್ಕದ ಮನೆಗೆ ಹೋಗುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಈ ದಿನ ತಾನಾಗಿ ಬಂದಿದ್ದಾಳೆ. ಇವತ್ತು ಅವಳ ಕಣ್ಣಿನಲ್ಲಿ ಗೆಲ್ಲದಿದ್ದರೆ ಇನ್ನೆಂದೂ ಇಲ್ಲ ಎಂದು ರಾಯರು ಎದ್ದು ನಿಂತರು.

"ಬರೂದಿಲ್ಲ ಅನ್ನೋ ಮಾತ ಈ ಮನ್ಯಾಗ ಇಲ್ಲ. ನಾಕೂ ಪ್ರಶ್ನಿ ಇತ್ತ ಕೊಡು."

"ನಿಮಗ ಬರ್ತದಾ?" ಮಂದಾಕಿನಿಯ ಮುಖ ನೀರು ಕಾಣದ ತುಳಸಿಯಂತೆ ಬಾಡಿತು. ಆನಂದ ತಡೆಯದೆ ಹೀಗಾಗಿದೆ ಎಂದು ರಾಯರು ತಿಳಿದರು.

ರಾಯರು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಬಂದ ಕಾಗದಕ್ಕೆ ತಾವೇ ಉತ್ತರ ಬರೆದ ಪಾಪ ಅವರಿಗೆ ಒಂದು ದಿನವೂ ತಟ್ಟಿರಲಿಲ್ಲ. ಯಾವ ಕಾಗದ ಯಾವ ಮೇಜಿಗೆ ಸಲ್ಲಬೇಕೋ ಅಲ್ಲಿಗೆ ಸಾಗಿಸುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಪರನಾಡಾದರೂ ಓಣಿಯ ತುಂಬ ಕನ್ನಡದ ಮನೆಗಳು. ಒಂದೊಂದು ಮನೆಯೂ ಒಂದೊಂದು ಇಲಾಖೆ. ರಾಯರು ಕೆಲಸಕ್ಕೆ ಇಳಿದರು.

ವಿಜ್ಞಾನ ಹೋದದ್ದು ಎದುರು ಮನೆಯ ಸಿದ್ದರಾಮಪ್ಪನ ಕಡೆಗೆ. ಅವನು ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯೊಂದರಲ್ಲಿ ಕೆಮಿಸ್ಟು.

"ಬಾಯಲೇ ಹೇಳಿದ್ರ ತಿಳಿಯಂಗಿಲ್ರಿ ರಾಯರ, ಮಾಡಿ ತೋರಸಬೇಕು," ಎನ್ನುತ್ತ ಅವನು ನೇರವಾಗಿ ಶಾಮಲಾಬಾಯಿಯ ಅಡಿಗೆಮನೆಗೆ ನುಗ್ಗಿದ. ಒಂದು ಒಲೆಗೆ ಹಾಲು, ಒಂದಕ್ಕೆ ನೀರು ಇಟ್ಟ. "ನೋಡವಾ ತಂಗಿ, ಹಾಲಿನ ಮ್ಯಾಲ ಕೆನಿ ಕಟ್ಟತೈತಿ. ಕೆಳಗಿನ ಉಗಿಗೆ ಹೊರಗ ಬರಾಕ ದಾರಿ ಇಲ್ಲ. ದಾರಿ ಇಲ್ಲದಾವ ಏನ ಮಾಡ್ತಾನ? ಕೆನೀನ ಎತಗೊಂಡ ಮ್ಯಾಲ ಬರ್ತಾನ! ನೀರಿಗೆ ಮುಚ್ಚಳಿಲ್ಲ, ಉಗಿ ತನ್ನ ಪಾಡಿಗೆ ತಾ ಹೋಗತೈತಿ."

ಮಾತು ಮುಗಿಯುವುದಕ್ಕೂ ಸಂಜೆಯ ಚಹಾಕ್ಕೆ ಇಟ್ಟಿದ್ದ ಹಾಲೆಲ್ಲ ಒಲೆಯ ಪಾಲಾಗುವುದಕ್ಕೂ ಸರಿಹೋಯಿತು.

"ಸಿದ್ಧ ಆತು!" ಎಂದು ರಾಯರು ಚಪ್ಪಾಳೆ ತಟ್ಟಿದರು. ಮಂದಾಕಿನಿ ಸಪ್ಪಗೆ ಬರೆದುಕೊಂಡಳು. ಶಾಮಲಾಬಾಯಿ ಒಲೆ ಒರೆಸಿದಳು.

ಆರೋಗ್ಯದ ಪ್ರಶ್ನೆ: ಬಿಕ್ಕಳಿಕೆ ಏಕೆ ಬರುತ್ತದೆ? ಇದು ಮೂಲೆಮನೆಯ ಅಂಬುಬಾಯಿಯ ಇಲಾಖೆ. ದೊಡ್ಡ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಓಣಿಯ ಅರ್ಧ ಮಕ್ಕಳು ಅವಳ ಕೈಯಲ್ಲೇ ಕಣ್ಣು ತೆರೆದಿದ್ದವು.

"ಮಾವಶಿ, ಯಾರರ ನೆನಿಸ್ಕೊಂಡ್ರ ಬಿಕ್ಕಳಿಕಿ ಬರ್ತಾವಂತಲ್ಲ?" ಎಂದರು ರಾಯರು.

"ನಿನ್ನ ಯಾರು ನೆನಸತಾರೋ ಜಯತೀರ್ಥ? ಎದಿ ಕೆಳಗ ಒಂದು ಪರದಾ ಅದ. ಅದು ಥಟ್ಟನೆ ಜಗ್ಗಿದ್ರ ಬಿಕ್ಕಳಿಕಿ. ಗಟಗಟ ನೀರು ಕುಡದ್ರ ಬರ್ತದ, ಉಸುರು ಬಿಗಿಹಿಡದ್ರ ಹೋಗತದ. ತಗೋ, ಕುಡದು ನೋಡು."

ರಾಯರು ಒಂದು ತಂಬಿಗೆ ನೀರನ್ನು ಗಟಗಟ ಕುಡಿದರು. ಬಿಕ್ಕಳಿಕೆ ತಪ್ಪದೆ ಬಂತು. ಆಮೇಲೆ ಮೂಗು ಹಿಡಿದುಕೊಂಡರು, ಕಣ್ಣು ಮೇಲೆ ಮಾಡಿದರು, ಶ್ರೀಹರಿಯನ್ನು ನೆನೆದರು. ಬಿಕ್ಕಳಿಕೆ ಹೋಗಲಿಲ್ಲ.

"ಅರ್ಧ ಉತ್ತರ ಖರೇ ಆತಲ್ಲ," ಎಂದಳು ಅಂಬುಬಾಯಿ. ಇನ್ನರ್ಧ ಏನಾಗುತ್ತದೆಂದು ನೋಡಲು ತಾನೂ ಅವರ ಹಿಂದೆ ಹೊರಟಳು.

ಗಣಿತ ಹನುಮಂತರಾಯರದು. ಮೈಸೂರಿನ ಕಡೆಯವರು, ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ಇಂಜಿನಿಯರು. ಸಂಖ್ಯೆಯನ್ನು ಸೊನ್ನೆಯಿಂದ ಏಕೆ ಭಾಗಿಸಲಾಗದು ಎಂದು ಕೇಳುತ್ತಲೇ ಅವರ ಕಣ್ಣು ಹೊಳೆದವು. "ನಿಮ್ಮ ಮನೇಲಿ ಉಂಡೆ ಇದೆಯಾ?" ಎಂದರು.

ಶಾಮಲಾಬಾಯಿ ಪಂಚಮಿಗೆಂದು ಕಟ್ಟಿಟ್ಟಿದ್ದ ಉಂಡೆಗಳ ಡಬ್ಬಿ ಕಟ್ಟೆಗೆ ಬಂತು.

"ನೋಡಮ್ಮ, ಇಷ್ಟು ಉಂಡೆ ಇಬ್ಬರಿಗೆ ಹಂಚಿದ್ರೆ ಇಷ್ಟಿಷ್ಟು. ಒಬ್ಬನಿಗೇ ಆದ್ರೆ ಎಲ್ಲಾ ಅವನದೇ. ಈಗ ಯಾರೂ ಇಲ್ಲ ಅಂದ್ಕೋ. ತಲೆಗೆಷ್ಟು ಬಂತು ಅಂದ್ರೆ, ತಲೇನೇ ಇಲ್ಲವಲ್ಲ! ಅದಕ್ಕೇ ಆ ಲೆಕ್ಕಕ್ಕೆ ಅರ್ಥವಿಲ್ಲ." ಹಾಗೆಂದು ಅವರು ಹಂಚಿದ್ದ ಉಂಡೆಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತ ಬಂದರು. ಸಿದ್ದರಾಮಪ್ಪನೂ ಅಂಬುಬಾಯಿಯೂ ಲೆಕ್ಕವನ್ನು ಪರೀಕ್ಷಿಸಲು ಕೈಜೋಡಿಸಿದರು. ಡಬ್ಬಿಯಲ್ಲಿ ಸೊನ್ನೆ ಉಳಿಯಿತು.

"ಹಿಕ್! ಮೂರು ಆದ್ವು!" ಎಂದರು ರಾಯರು, ಕೋಟೆ ಗೆದ್ದ ಸರದಾರನಂತೆ.

"ಅಪ್ಪಾ, ಒಂದನ್ನರ ಉಳಸ್ರಿ," ಎಂದಳು ಮಂದಾಕಿನಿ.

"ಉಂಡಿ ನಾಳೆ ಮತ್ತ ಕಟ್ಟೋಣಂತ. ಹಿಕ್! ವ್ಯಾಪಾರದ್ದು ಓದು."

ಅರ್ಧ ಬೆಲೆಗೆ ಮಾರುವ ಅಂಗಡಿಯವನಿಗೆ ಲಾಭ ಹೇಗೆ? ಅಬಿಡ್ಸ್‌ನಲ್ಲಿ ಸೀರೆ ಅಂಗಡಿ ಇಟ್ಟಿದ್ದ ಸೋಮಣ್ಣ ಅದೇ ಓಣಿಯ ತುದಿಯಲ್ಲಿದ್ದ. ಅವನನ್ನು ಊಟದ ಎಲೆಯಿಂದಲೇ ಎಬ್ಬಿಸಿ ತಂದರು.

"ಇದು ಧಂಧೆದ ಗುಟ್ಟ ಐತ್ರಿ, ಬಾಯಿ ಬಿಡಂಗಿಲ್ಲ."

"ಮಗಳ ಮುಂದ ನನ್ನ ಮಾನ ಉಳಸೋ ಮಾರಾಯಾ. ಹಿಕ್!"

ಸೋಮಣ್ಣನ ಮನಸ್ಸು ಕರಗಿತು. ರಾಯರ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದ. ಕೇಳಿದ ಸಂತೋಷಕ್ಕೆ ರಾಯರ ಬಿಕ್ಕಳಿಕೆ ನಿಂತೇಹೋಯಿತು. ಓಣಿಗೆಲ್ಲ ಕೇಳುವಂತೆ ಕೂಗಿದರು: "ಬರಕೋ ಮಂದಾ! ಮೊದಲ ಎರಡು ಪಟ್ಟು ಬೆಲಿ ಬರೀಬೇಕು, ಆಮ್ಯಾಲ ಅದರಾಗ ಅರ್ಧ ಹೊಡೀಬೇಕು! ಹೆಣ್ಣಮಕ್ಕಳು ಗೆದ್ವಿ ಅಂತ ಕುಣಕೋತ ಹೋಗತಾರ!"

ಬಾಗಿಲಲ್ಲಿ ಶಾಮಲಾಬಾಯಿ ನಿಂತಿದ್ದಳು. ಮೈಮೇಲೆ ಸೋಮಣ್ಣನ ಅಂಗಡಿಯಿಂದ ಅರ್ಧ ಬೆಲೆಗೆ ಗೆದ್ದುಕೊಂಡು ಬಂದಿದ್ದ ಸೀರೆ.

"ಸೋಮಣ್ಣನವರ," ಎಂದಳು ಮೆಲ್ಲಗೆ, "ನಾಳೆ ಮುಂಜಾನೆ ಅಂಗಡಿ ತಗದಿರ್ರಿ. ನಾ ಬರಾಕಿದ್ದೀನಿ."

ಸೋಮಣ್ಣನಿಗೆ ಬಿಕ್ಕಳಿಕೆ ಶುರುವಾಯಿತು.

ಆದರೂ ನಾಲ್ಕೂ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಕಟ್ಟೆ ತುಂಬ ಜನ, ಹಾಲಿಲ್ಲದ ಚಹಾ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಮನೆಯಲ್ಲಿ ಇಂಥ ಗದ್ದಲ ದೇವರು ಕೊಟ್ಟಷ್ಟು ದಿನವೇ ಇರುವುದು. ಇರುವಾಗ ಅದನ್ನು ಗದ್ದಲವೆಂದೇ ನಾವು ಕರೆಯುತ್ತೇವೆ. ರಾಯರು ಎದೆಯುಬ್ಬಿಸಿ ಮಗಳ ಕಡೆ ತಿರುಗಿದರು.

"ಈಗ ಹೇಳು. ನಿಮ್ಮಪ್ಪಗ ಬರ್ತದೋ, ಬರೂದಿಲ್ಲೋ?"

ಮಂದಾಕಿನಿ ಗಳಗಳ ಅಳತೊಡಗಿದಳು.

"ಎಲ್ಲಾ ಬರ್ತದ! ನಿಮಗೂ ಬರ್ತದ, ಓಣಿಗೆಲ್ಲಾ ಬರ್ತದ! ನಾಳೆ ಮೇಡಂಗ ನಾ ಏನ್ ತೋರಸ್ಲಿ? ಮನ್ಯಾಗ, ಓಣ್ಯಾಗ ಯಾರಿಗೂ ಉತ್ತರ ಬರಲಾರದಂಥಾ ಪ್ರಶ್ನಿ ತರ್ರಿ ಅಂತ ಹೇಳ್ಯಾರ! ಉತ್ತರ ಅವರ ಹೇಳ್ತಾರ! ಎಷ್ಟ ದಿನ ಕೂತು ಹುಡುಕಿದ್ದೆ, ನಾಕೂ ಕೆಡಿಸಿಬಿಟ್ರಿ!"

ರಾಯರು ಚಹಾದ ಬಟ್ಟಲು ಕೆಳಗಿಟ್ಟರು.

"ಮೊದಲ ಹೇಳಬಾರದಾಗಿತ್ತೇನವಾ?" ಎಂದರು ರಾಯರು, ಕ್ಷೀಣವಾಗಿ.

"ಹೇಳಿದ್ನಲ್ಲಾ! ಬರೂದಿಲ್ಲ ಅಂದ್ರ ಸಾಕು ಅಂತ!"

ಹುಡುಗಿಯ ಕಣ್ಣೀರು ಯಾರಿಂದಲೂ ನೋಡಲಾಗಲಿಲ್ಲ. ಎಲ್ಲರೂ ಉತ್ತರವಿಲ್ಲದ ಪ್ರಶ್ನೆ ಹುಡುಕಲು ನಿಂತರು. ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಕಾಲ ಮೇಲೆಯೇ ಏಕೆ ನಿಲ್ಲುತ್ತದೆ ಎಂದಳು ಅಂಬುಬಾಯಿ. ಹನುಮಂತರಾಯರು ಥಟ್ಟನೆ ಹೇಳಿದರು. ಅವರು ಕೇಳಿದ್ದಕ್ಕೆ ಸಿದ್ದರಾಮಪ್ಪ ಹೇಳಿದ, ಅವನು ಕೇಳಿದ್ದಕ್ಕೆ ಸೋಮಣ್ಣ ಬಿಕ್ಕಳಿಸುತ್ತಲೇ ಹೇಳಿದ. ಗೊತ್ತಿದ್ದರೂ ಸುಮ್ಮನಿರುವ ವಿದ್ಯೆಯೊಂದನ್ನು ಬಿಟ್ಟು ಮಿಕ್ಕೆಲ್ಲ ವಿದ್ಯೆಯೂ ಆ ಓಣಿಯಲ್ಲಿತ್ತು.

ಆಗ ರಾಯರ ತಲೆಯಲ್ಲಿ ದೀಪ ಹೊತ್ತಿತು. ಕೈಯೆತ್ತಿ ಎಲ್ಲರನ್ನೂ ತಡೆದರು. "ಒಂದ ಪ್ರಶ್ನಿ ಕೇಳ್ತೀನಿ. ಪ್ರತಿಯೊಬ್ಬರೂ ಹೇಳ್ರಿ. ನಿಮಗ ಗೊತ್ತಿಲ್ಲದ್ದು ಯಾವುದು?"

ಸಿದ್ದರಾಮಪ್ಪ ಬಾಯಿ ತೆರೆದು ಮುಚ್ಚಿದ. ಹನುಮಂತರಾಯರು ಆಕಾಶ ನೋಡಿದರು. ಅಂಬುಬಾಯಿ ಸೆರಗು ಸರಿಮಾಡಿಕೊಂಡಳು. ಓಣಿ ಹುಟ್ಟಿದಾಗಿನಿಂದ ಅಂಥ ಮೌನ ಅಲ್ಲಿ ಕವಿದಿರಲಿಲ್ಲ.

"ಬರಕೋ ಮಂದಾ!" ಎಂದು ಜಯತೀರ್ಥರಾಯರು ಗರ್ಜಿಸಿದರು. "ಯಾರಿಗೂ ಉತ್ತರ ಬರೂದಿಲ್ಲ! ಗೆದ್ದೆ!"

ಮಂದಾಕಿನಿ ಕಣ್ಣೊರೆಸಿಕೊಂಡು, ನಗುತ್ತ ಬರೆಯತೊಡಗಿದಳು. ಅಪ್ಪನನ್ನು ನೋಡಿದ ಆ ನೋಟಕ್ಕಾಗಿ ರಾಯರು ಇನ್ನೊಂದು ತಂಬಿಗೆ ನೀರು ಕುಡಿಯಲೂ ಸಿದ್ಧರಿದ್ದರು.

"ನಮಗ ಏನು ಗೊತ್ತಿಲ್ಲೋ ಯಾರಿಗ್ಗೊತ್ತೋ," ಎಂದಳು ಅಂಬುಬಾಯಿ ನಿಧಾನವಾಗಿ, "ಜಯತೀರ್ಥ, ನಿನಗೇನು ಗೊತ್ತಿಲ್ಲ ಅಂತ ಕೇಳಿದ್ರ ಹೇಳ್ತೀನಿ. ತೆಂಗಿನಕಾಯಿ ನೆಟ್ಟಗ ಒಡ್ಯೂದು ಗೊತ್ತಿಲ್ಲ."

"ರಾಯರಿಗೆ ಸ್ಕೂಟರ್ ಸ್ಟ್ಯಾಂಡ್ ಹಾಕೂದು ಗೊತ್ತಿಲ್ರಿ," ಎಂದ ಸಿದ್ದರಾಮಪ್ಪ.

"ಎರವಲು ತಂದ ಪುಸ್ತಕ ವಾಪಸ್ ಕೊಡೋದು ಗೊತ್ತಿಲ್ಲ," ಎಂದರು ಹನುಮಂತರಾಯರು.

ಶಾಮಲಾಬಾಯಿ ಖಾಲಿ ಡಬ್ಬಿಯ ಮುಚ್ಚಳ ಹಾಕುತ್ತ ಕೇಳಿದಳು: "ಅದೆಲ್ಲಾ ಇರಲಿ. ಮಗಳು ಎಷ್ಟನೇ ಕ್ಲಾಸಿನಾಗ ಇದ್ದಾಳ, ಹೇಳ್ರಿ ನೋಡೋಣ?"

ಜಯತೀರ್ಥರಾಯರು ಎಂಟೋ ಒಂಬತ್ತೋ ಎಂದು ಬೆರಳು ಮಡಚತೊಡಗಿದರು.

ಮಂದಾಕಿನಿ ನಿಟ್ಟುಸಿರು ಬಿಟ್ಟು, ಬರೆದ ಸಾಲನ್ನು ಹೊಡೆದು ಹಾಕಿದಳು. "ಇದಕ್ಕೂ ಉತ್ತರ ಸಿಕ್ಕತಪ್ಪಾ."